ಹನ್ನೊಂದು ವರ್ಷದ ಆಕ್ಟೇವ್: ಮಕ್ಕಳು ಮನೆಗೆ ಒಯ್ಯುವ ಲ್ಯಾಬು

2014ರಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಹತ್ತು ದಿನ ಇರುವಾಗ ನಮ್ಮ ಲ್ಯಾಬಿನ ಕಂಪ್ಯೂಟರುಗಳು ಮ್ಯಾಟ್‌ಲ್ಯಾಬ್ ಎಂಬ, ದುಡ್ಡು ಕೊಟ್ಟು ಕೊಳ್ಳುವ ಗಣಿತದ ತಂತ್ರಾಂಶದ ಪರವಾನಗಿ ಮುಗಿದಿದೆ ಎಂದು ಹೇಳಿ ನಿಂತವು. ಅರವತ್ತು ಮೆಕ್ಯಾನಿಕಲ್ ವಿದ್ಯಾರ್ಥಿಗಳ ಸಂಖ್ಯಾತ್ಮಕ ವಿಧಾನಗಳ ಪ್ರಯೋಗ ಇನ್ನೂ ಬಾಕಿ. ಆ ರಾತ್ರಿ ಅದೇ ಕೆಲಸ ಮಾಡುವ ಉಚಿತ ತಂತ್ರಾಂಶ ಗ್ನು ಆಕ್ಟೇವ್ ಇಳಿಸಿಕೊಂಡೆ. ಮ್ಯಾಟ್‌ಲ್ಯಾಬ್‌ಗೆಂದು ಬರೆದಿಟ್ಟಿದ್ದ ಪ್ರೋಗ್ರಾಮುಗಳಲ್ಲಿ ಮುಕ್ಕಾಲು ಪಾಲು ಒಂದಕ್ಷರ ತಿದ್ದದೆ ಓಡಿದವು. ಅಂದಿನಿಂದ ಪಾಠಕ್ಕೂ ನನ್ನ ಸ್ವಂತ ಲೆಕ್ಕಕ್ಕೂ ಅದೇ.

ಹೆಸರು ಕೇಳಿದವರು ಸಂಗೀತದ ಸಪ್ತಕ ಅಂದುಕೊಳ್ಳುತ್ತಾರೆ. ಅಲ್ಲ, ಅದು ಆಕ್ಟೇವ್ ಲೆವೆನ್‌ಸ್ಪೀಲ್ ಎಂಬ ಕೆಮಿಕಲ್ ಎಂಜಿನಿಯರಿಂಗ್ ಮೇಷ್ಟ್ರ ಹೆಸರು. ಲಕೋಟೆಯ ಹಿಂಬದಿಯಲ್ಲೇ ಚಕಚಕನೆ ಅಂದಾಜು ಲೆಕ್ಕ ಹಾಕುವುದಕ್ಕೆ ಹೆಸರಾದವರು. ಅವರ ಶಿಷ್ಯ ಜಾನ್ ಈಟನ್ 1992ರಲ್ಲಿ ಇದನ್ನು ಪೂರ್ಣಪ್ರಮಾಣದಲ್ಲಿ ಕಟ್ಟಲು ಶುರುಮಾಡಿದರು. ರಾಸಾಯನಿಕ ರಿಯಾಕ್ಟರುಗಳ ಪಠ್ಯಪುಸ್ತಕಕ್ಕೆ ಜೊತೆಯಾಗಲೆಂದು ಹುಟ್ಟಿದ ಯೋಜನೆ ಇದು. ಪಾಠ ಹೇಳುವವರ ಕೈಗೆ ಚೆನ್ನಾಗಿ ಹೊಂದುವುದು ಅದಕ್ಕೇ ಇರಬೇಕು.

ನನಗೆ ಅತ್ಯಂತ ಪ್ರಿಯವಾದದ್ದು ಬ್ಯಾಕ್‌ಸ್ಲ್ಯಾಶ್, ಅಂದರೆ \ ಎಂಬ ಓರೆ ಗೆರೆ. ಸಮೀಕರಣಗಳ ಮ್ಯಾಟ್ರಿಕ್ಸ್ ಕೊಟ್ಟು ಆ ಒಂದು ಗೆರೆ ಎಳೆದರೆ ಉತ್ತರ ಬರುತ್ತದೆ. ಮ್ಯಾಟ್ರಿಕ್ಸ್ ತ್ರಿಕೋನಾಕಾರದ್ದೇ, ಸಮ್ಮಿತಿ ಇದೆಯೇ ಎಂದೆಲ್ಲ ತಾನೇ ನೋಡಿ, ಅದಕ್ಕೆ ತಕ್ಕ ದಾರಿ ಹಿಡಿಯುತ್ತದೆ. ಪ್ರತಿ ವರ್ಷ 15×15ರ ಹಿಲ್ಬರ್ಟ್ ಮ್ಯಾಟ್ರಿಕ್ಸ್ (ಚೂರು ದೋಷವೂ ಉತ್ತರದಲ್ಲಿ ಬೆಟ್ಟವಾಗುವಂಥದ್ದು) ಕೊಟ್ಟು ಮಕ್ಕಳಿಗೆ ಬಿಡಿಸಲು ಹೇಳುತ್ತೇನೆ. ಎಚ್ಚರಿಕೆಯ ಸಾಲು ಮೂಡುತ್ತದೆ, ಜೊತೆಗೇ ತಪ್ಪು ಉತ್ತರವೂ ಬರುತ್ತದೆ. ಕಂಪ್ಯೂಟರ್ ಹೇಳಿದ್ದೆಲ್ಲ ನಿಜವಲ್ಲ ಎಂಬುದು ಆ ಹೊತ್ತಿಗೆ ಮನಸ್ಸಿಗೆ ಇಳಿದಷ್ಟು ನನ್ನ ಯಾವ ಉಪನ್ಯಾಸದಿಂದಲೂ ಇಳಿದಿಲ್ಲ.

ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಲೂಪುಗಳು ನಿಧಾನ, ಬಹಳ ನಿಧಾನ. ಸರಳಿನಲ್ಲಿ ಶಾಖ ಹರಿಯುವ ಲೆಕ್ಕವನ್ನು ಬಿಂದುಬಿಂದುವಾಗಿ ಬರೆದರೆ ಚಹಾ ಕುಡಿದು ಬರಬಹುದು. ಅದನ್ನೇ ಇಡೀ ವೆಕ್ಟರಿನ (ಸಂಖ್ಯೆಗಳ ಸಾಲಿನ) ಮೇಲೆ ಒಂದೇ ಸಾಲಾಗಿ ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಚೌಕಗಳನ್ನು ಜೋಡಿಸಿ ವ್ಯವಸ್ಥೆಯ ಮಾದರಿ ಕಟ್ಟುವ ಮ್ಯಾಟ್‌ಲ್ಯಾಬ್‌ನ ಸಿಮುಲಿಂಕ್‌ನಂಥದ್ದು ಇಲ್ಲಿಲ್ಲ, ಕಂಟ್ರೋಲ್ ವಿಷಯ ಕಲಿಸುವವರಿಗೆ ಅದು ದೊಡ್ಡ ಕೊರತೆಯೇ. ಸಿಗ್ನಲ್‌ನಂಥ ಹೆಚ್ಚುವರಿ ಪ್ಯಾಕೇಜುಗಳನ್ನು ಪ್ರತಿ ಸಲ ತೆರೆದಾಗಲೂ ಲೋಡ್ ಮಾಡಬೇಕು. ಹೊಸಬರು ಮೊದಲು ಮುಗ್ಗರಿಸುವುದು ಅಲ್ಲೇ. ಇನ್ನೊಂದು ಮಾತು: ಎಂಡ್‌ಇಫ್ (endif), ಪ್ಲಸ್‌ಈಕ್ವಲ್ (+=) ಮುಂತಾದ ಆಕ್ಟೇವ್‌ನದೇ ಸೌಕರ್ಯಗಳಿಗೆ ಒಗ್ಗಿಕೊಳ್ಳಬೇಡಿ. ನಾಳೆ ಕೆಲಸದ ಜಾಗದಲ್ಲಿ ಮ್ಯಾಟ್‌ಲ್ಯಾಬ್ ಇದ್ದರೆ ಆ ಕೋಡ್ ಅಲ್ಲಿ ಓಡುವುದಿಲ್ಲ.

2015ರ 4.0 ಆವೃತ್ತಿಯಿಂದ ಕಿಟಕಿ, ಎಡಿಟರ್ ಎಲ್ಲ ತಾನಾಗಿಯೇ ತೆರೆದುಕೊಳ್ಳುತ್ತವೆ. ಮಕ್ಕಳ ಹೆದರಿಕೆ ಅರ್ಧ ಕಡಿಮೆಯಾಯಿತು. 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಲ್ಯಾಬಿನ ಎರಡು ಗಂಟೆಯಲ್ಲಿ ಮುಗಿಯದ್ದನ್ನು ಹಾಸ್ಟೆಲಿನಲ್ಲಿ ಮುಗಿಸಿ ತರುತ್ತಾರೆ, ಕೆಲವರು ನಾನು ಕೇಳದ್ದನ್ನೂ ಮಾಡಿ ತರುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಕನ್ನಡದ ವಿಚಾರದಲ್ಲಿ ಮಾತ್ರ ನೋವಿದೆ. ಅಕ್ಷರಗಳನ್ನು ಅದು ಬೈಟುಗಳಾಗಿ, ಅಂದರೆ ಕಂಪ್ಯೂಟರ್ ಅವನ್ನು ಇಟ್ಟುಕೊಳ್ಳುವ ಚಿಕ್ಕ ತುಂಡುಗಳಾಗಿ, ಎಣಿಸುತ್ತದೆ. 'ಕನ್ನಡ' ಪದದ ಉದ್ದ ಕೇಳಿದರೆ 15 ಎನ್ನುತ್ತದೆ. ನನ್ನ ಗ್ರಾಫುಗಳ ಶೀರ್ಷಿಕೆಯಲ್ಲಿ ಒತ್ತಕ್ಷರಗಳು ಕೂಡಿಕೊಂಡಿಲ್ಲ. ಚಿತ್ರವನ್ನು ಬರಿದಾಗಿ ಉಳಿಸಿ, ಕನ್ನಡದ ಹೆಸರುಗಳನ್ನು ಲಿಬ್ರೆಆಫೀಸಿನಲ್ಲಿ ಸೇರಿಸುತ್ತಿದ್ದೇನೆ.