ಹೊಳೆಯುವ ನ್ಯಾನೋ ಬೀಡ್ಸ್: ಮಾಲು ಚಲೋ, ಪ್ಯಾಕಿಂಗ್ ಕೇಳಬೇಡಿ

100 ನ್ಯಾನೋಮೀಟರ್ ಗಾತ್ರದ ಹಸಿರು ಫ್ಲೋರೆಸೆಂಟ್ ಪಾಲಿಸ್ಟೈರೀನ್ ಬೀಡ್ಸ್, ಅಂದರೆ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುವ ಪುಟಾಣಿ ಪ್ಲಾಸ್ಟಿಕ್ ಗುಂಡುಗಳು, 5 ಮಿ.ಲೀ. ಬಾಟಲಿ. ಮೆತ್ತನೆ ಜೆಲ್ ಒಳಗೆ ಏನು ನಡೆಯುತ್ತದೆ ಅಂತ ನೋಡೋಕೆ ಕಲಬುರಗಿಯ ನಮ್ಮ ಲ್ಯಾಬಿಗೆ ತರಿಸಿದ್ದು. ಅದೂ ಏಪ್ರಿಲ್ ತಿಂಗಳಲ್ಲಿ, ಯಾರಿಗೆ ಹೇಳೋಣ! ಲೇಬಲ್ ಮೇಲೆ '2ರಿಂದ 8 ಡಿಗ್ರಿಯಲ್ಲಿ ಇಡಿ' ಎಂದು ದಪ್ಪಗೆ ಬರೆದವರು ಡಬ್ಬಿಯಲ್ಲಿ ಇಟ್ಟಿದ್ದು ಒಂದೇ ಐಸ್ ಪ್ಯಾಕ್. ನಮ್ಮ ಕೈಗೆ ಬಂದಾಗ ಅದು ಬಿಸಿನೀರಿನ ಚೀಲ ಆಗಿತ್ತು. ಫೋನ್ ಮಾಡಿದರೆ 'ಏನೂ ಆಗಲ್ಲ ಸರ್' ಅಂದರು, ಮುಗೀತು.

ಪುಣ್ಯಕ್ಕೆ ನಿಜವಾಗಿಯೂ ಏನೂ ಆಗಿರಲಿಲ್ಲ. ಬರೀ ನೀರಲ್ಲಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚುಕ್ಕಿಗಳು ಕುಣಿಯುತ್ತವೆ, ಈ ಗಾತ್ರದ ಬೀಡ್ ಒಂದು ಸೆಕೆಂಡಿನಲ್ಲಿ ಸುಮಾರು 4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸರಿಯುತ್ತದೆ. ಜೆಲಟಿನ್‌ಗೆ ಹಾಕಿ ಐಸ್ ಮೇಲೆ ಇಟ್ಟೆವು. ಜೆಲ್ ಕಟ್ಟುತ್ತಾ ಹೋದಂತೆ ಅವು ಸಂಜೆ ಹೊತ್ತು ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದ ಆಟೋ ಥರ ನಿಂತಲ್ಲೇ ಅಲುಗಾಡತೊಡಗಿದವು. ಆ ಅಲುಗಾಟ ಎಷ್ಟು ಅನ್ನೋದರಿಂದಲೇ ಜೆಲ್ ಎಷ್ಟು ಗಟ್ಟಿ ಅಂತ ಲೆಕ್ಕ ಹಾಕೋದು. ಮಜಾ ಅಂದರೆ, ಐಸ್‌ನಿಂದ ತೆಗೆದು ಮೇಜಿನ ಮೇಲೆ ಇಟ್ಟಾಗ ಕಣ್ಣಿಗೆ ಜೆಲ್ ಇನ್ನೂ ಗಟ್ಟಿಯಾಗೇ ಕಾಣುತ್ತಿತ್ತು, ಆದರೆ ಬೀಡ್ಸ್ ಆಗಲೇ ಓಡಾಟ ಶುರು ಮಾಡಿದ್ದವು. ಜೆಲಟಿನ್ ಕರಗೋದು 30 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮೂರಿನ ಬೇಸಿಗೆಯಲ್ಲಿ ಫ್ಯಾನ್ ಕೆಳಗೂ ಅದು ಉಳಿಯಲ್ಲ, ಅಲ್ವಾ?

ಎಲ್ಲಾ ಜೆಲ್‌ಗೂ ಇದು ಆಗಲ್ಲ. 2% ಅಗರೋಸ್‌ನಲ್ಲಿ (ಕಡಲ ಪಾಚಿಯಿಂದ ಮಾಡೋ ಗಟ್ಟಿ ಜೆಲ್) ಬೀಡ್ಸ್ ಮಿಸುಕಲೇ ಇಲ್ಲ ಅನ್ನಬೇಕು. ಸಿಕ್ಕ ಚೂರುಪಾರು ಅಲುಗಾಟವೂ ನಮ್ಮ ಹಳೇ ಕ್ಯಾಮೆರಾದ ನಾಯ್ಸ್‌ನಲ್ಲೇ, ಅಂದರೆ ಚಿತ್ರದ ಕಾಳುಕಾಳು ಗಲೀಜಿನಲ್ಲೇ, ಮುಳುಗಿಹೋಯಿತು. ಅಂಥದ್ದಕ್ಕೆ ಇದನ್ನು ತಗೊಂಡು ಸುಮ್ನೆ ದುಡ್ಡು ಹಾಳು ಮಾಡಬೇಡಿ.

'ನೇರವಾಗಿ ಬಳಸಿ' ಅಂತ ಬರೆದಿರೋದನ್ನೂ ನಂಬಬೇಡಿ. ಮೊದಲು ಐದು ನಿಮಿಷ ಸೋನಿಕೇಟರ್‌ನಲ್ಲಿ (ಶಬ್ದದ ಅಲೆಗಳಿಂದ ಅಲುಗಾಡಿಸಿ ಗಂಟು ಬಿಡಿಸೋ ಯಂತ್ರ) ಇಡಿ. ಉಪ್ಪು ಜಾಸ್ತಿ ಇರುವ ಬಫರ್‌ಗೆ (pH ಕಾಯ್ದುಕೊಳ್ಳೋ ಲ್ಯಾಬ್ ದ್ರಾವಣ) ಹಾಕಿದಿರೋ, ಬೀಡ್ಸ್ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಯಾಕಂದರೆ ಅವುಗಳನ್ನು ದೂರ ದೂರ ಇಡೋದೇ ಮೈಮೇಲಿನ ಚಾರ್ಜ್. ಆ ಗಂಟನ್ನೇ ಒಂದು ಬೀಡ್ ಅಂದುಕೊಂಡು ನಾನು ಎರಡು ದಿನ ಲೆಕ್ಕ ಹಾಕಿದ್ದೇನೆ, ಗೈಡ್‌ಗೆ ಇನ್ನೂ ಹೇಳಿಲ್ಲ. ಫ್ರೀಜರ್‌ನಲ್ಲಿ ಇಟ್ಟರೂ ಇದೇ ಗತಿ, ಕೆಳಗಿನ ಫ್ರಿಜ್‌ನಲ್ಲೇ ಇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಂದಿನ ಬಾಟಲಿ ಡಿಸೆಂಬರ್‌ನಲ್ಲಿ ತರಿಸೋದು.