ಗಂಜಿನ ಅಂಗಡಿಯಲ್ಲಿ ಡಾಸ್ ಕಾಲದ ಟ್ಯಾಲಿ

ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜಿನಲ್ಲಿರುವ ನಮ್ಮ ಹತ್ತಿಯ ಅಡತಿ (ದಲ್ಲಾಳಿ) ಅಂಗಡಿಗೆ ತೊಂಬತ್ತರ ದಶಕದಲ್ಲಿ ಬಂದ ಮೊದಲ ಕಂಪ್ಯೂಟರ್, ಐಬಿಎಂ 1981ರಲ್ಲಿ ಹೊರತಂದ ಪಿಸಿಯ ಮಾದರಿಯನ್ನೇ ಅನುಸರಿಸಿ ಜೋಡಿಸಿದ ಯಂತ್ರವಾಗಿತ್ತು; ಅದರಲ್ಲಿ ನಾವು ಬಳಸಿದ್ದು ಡಾಸ್ ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ನಡೆಯುವ, ಲೆಕ್ಕಪತ್ರ ಇಡುವ ಟ್ಯಾಲಿ. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಈ ತಂತ್ರಾಂಶದ ದೊಡ್ಡ ಗುಣವೆಂದರೆ, ಖಾತೆಗಳಿಗೆ ಸಂಕೇತ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಿರಲಿಲ್ಲ, ರೈತನ ಹೆಸರು ಒತ್ತಿದರೆ ಸಾಕಿತ್ತು.

ಹಿಂದೆ ಲೆಕ್ಕ ಬರೆಯುವ ನಮ್ಮ ಮುನೀಮರು ಕೀರ್ದಿಯಲ್ಲಿ (ದಿನದ ವ್ಯವಹಾರದ ಪುಸ್ತಕ) ಬರೆದದ್ದನ್ನು ರಾತ್ರಿ ಖತಾವಣಿಗೆ (ಒಬ್ಬೊಬ್ಬರ ಖಾತೆಯ ಪುಸ್ತಕ) ಇಳಿಸುತ್ತಿದ್ದರು. ಎರಡು ಬದಿಯ ಮೊತ್ತಗಳು ಸರಿಹೊಂದುತ್ತವೆಯೇ ಎಂದು ನೋಡುವ ತಾಳೆಪಟ್ಟಿಯಲ್ಲಿ ಒಂಬತ್ತು ರೂಪಾಯಿಯೋ ತೊಂಬತ್ತು ರೂಪಾಯಿಯೋ ವ್ಯತ್ಯಾಸ ಬಂದರೆ, ಎಲ್ಲೋ ಅಂಕಿಗಳು ಅದಲುಬದಲಾಗಿರಬೇಕೆಂದು (ಹಾಗಾದಾಗ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ) ಊಹಿಸಿ ಪುಟಪುಟವನ್ನೂ ಮಗುಚುತ್ತಿದ್ದರು. ಟ್ಯಾಲಿಯಲ್ಲಿ ಒಮ್ಮೆ ನಮೂದಿಸಿದರೆ ಖತಾವಣಿಯೂ ತಾಳೆಪಟ್ಟಿಯೂ ತಾವಾಗಿಯೇ ಸಿದ್ಧವಾಗುತ್ತಿದ್ದವು. ಆದರೆ ತೂಕವನ್ನೇ ತಪ್ಪಾಗಿ ಒತ್ತಿದ್ದರೆ ಆ ತಪ್ಪು ಅಷ್ಟೇ ಅಂದವಾಗಿ ಮುದ್ರಣವಾಗುತ್ತಿತ್ತು ಎಂಬುದನ್ನೂ ಹೇಳಬೇಕು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರುಚಾಟ ಸಹಿಸಲು ಕಷ್ಟ. ಆದರೂ ಅದರ ಸೂಜಿಗಳು ರಿಬ್ಬನ್ನಿನ ಮೇಲೆ ಬಡಿಯುವುದರಿಂದ ಕಾರ್ಬನ್ ಇಟ್ಟು ರೈತನಿಗೆ, ಖರೀದಿದಾರನಿಗೆ ಮತ್ತು ಅಂಗಡಿಗೆ ಮೂರು ಪಟ್ಟಿಗಳನ್ನು ಒಂದೇ ಸಲ ತೆಗೆಯಬಹುದಿತ್ತು.

ಕರೆಂಟ್ ಹೋದಾಗ ಯಂತ್ರಕ್ಕೆ ವಿದ್ಯುತ್ ಕೊಡುವ ಯುಪಿಎಸ್ ಬೇಕಿಲ್ಲವೆಂದ ಮಾರಾಟಗಾರರ ಮಾತನ್ನು ನಂಬಿದ್ದು ನಮ್ಮ ತಪ್ಪು. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಹಾರ್ಡ್‌ಡಿಸ್ಕ್ ಕೆಟ್ಟಿತು. ಲೆಕ್ಕದ ಪ್ರತಿ ಇಟ್ಟಿದ್ದ, ಹತ್ತಿಯ ಧೂಳು ಕುಡಿದ ಫ್ಲಾಪಿ ಡಿಸ್ಕೂ ತೆರೆಯಲಿಲ್ಲ. ಮುನೀಮರು ಯಾರಿಗೂ ಹೇಳದೆ ಬರೆಯುತ್ತಲೇ ಬಂದಿದ್ದ ಕೀರ್ದಿಯಿಂದ ವಾರದ ಲೆಕ್ಕವನ್ನೆಲ್ಲ ಮತ್ತೆ ತುಂಬಿದೆವು. ಆ ದೀಪಾವಳಿಗೆ ಕೆಂಪು ಬಟ್ಟೆಯ ಕೀರ್ದಿಗೂ ಕಂಪ್ಯೂಟರಿಗೂ ಒಟ್ಟಿಗೇ ಕುಂಕುಮ ಹಚ್ಚಿದೆವು.