ಹತ್ತಿಗೆ ಎಣ್ಣೆ ಹೊಡೆಸುವ ಮುಂಚೆ, ಆ ಪಂಪು ನಿನ್ನೆ ಯಾವ ಹೊಲದಲ್ಲಿತ್ತು ಅಂತ ಕೇಳಿ

ಹಾವೇರಿ ಕಡೆ ಹತ್ತಿ ಹಾಕಿದವರು ದಯವಿಟ್ಟು ಓದಿ. ಜಿಗಿಹುಳಕ್ಕೆ ಅಂತ ಬಾಡಿಗೆ ಪಂಪಿನಲ್ಲಿ ಎಣ್ಣೆ, ಅಂದರೆ ಕೀಟನಾಶಕ, ಹೊಡೆಸಿದ್ದೆ. ವಾರ ಕಳೆಯುವಷ್ಟರಲ್ಲಿ ಸುಳಿಗಳೆಲ್ಲ ಸೊಟ್ಟಗಾದವು. ಹೊಸ ಎಲೆಗಳು ಬೆಂಡೆ ಎಲೆಯ ಹಾಗೆ ಸೀಳುಸೀಳಾಗಿ, ನರಗಳು ಒತ್ತೊತ್ತಾಗಿ ಉದ್ದಕ್ಕೆ ಎದ್ದು ನಿಂತವು. ತೊಟ್ಟುಗಳು ತಿರುಚಿಕೊಂಡವು, ಮೊಗ್ಗು ಉದುರತೊಡಗಿತು.

ಅಂಗಡಿಯವರು ಫೋಟೊ ನೋಡಿ "ವೈರಸ್ ಐತ್ರಿ, ಬಿಳಿನೊಣ ತಂದದ್ದು" ಅಂದುಬಿಟ್ಟರು. ಬಿಳಿನೊಣಕ್ಕೊಂದು ಎಣ್ಣೆ, ಮೊಗ್ಗು ನಿಲ್ಲಲು ಒಂದು ಟಾನಿಕ್, ಎರಡಕ್ಕೂ ದುಡ್ಡು ಕೊಟ್ಟೆ.

ಕೃಷಿ ವಿಜ್ಞಾನ ಕೇಂದ್ರದವರು ಬಂದಾಗ ಮೊದಲು ನೋಡಿದ್ದು ಎಲೆಯನ್ನಲ್ಲ, ಸಾಲನ್ನು. ಹೊಡೆಯಲು ಶುರು ಮಾಡಿದ ಬದುವಿನ ಕಡೆ ಹಾನಿ ಜೋರು, ಮುಂದೆ ಹೋದಂತೆ ಕಡಿಮೆ. ವೈರಸ್ ಹೀಗೆ ಸಾಲು ಹಿಡಿದು ಬರೋದಿಲ್ಲ. ಪಂಪಿನ ಹುಡುಗನನ್ನು ಕೇಳಿದರೆ, "ಹಿಂದಿನ ದಿನ ಗೋವಿನಜೋಳಕ್ಕ ಕಳೆ ಎಣ್ಣಿ ಹೊಡದಿದ್ನಿರಿ, ನೀರ್ ಹಾಕಿ ತೊಳದೀನಿ" ಅಂದ. ಅದು 2,4-ಡಿ ಅನ್ನೋ ಕಳೆನಾಶಕ.

ಇದು ಗಿಡದ ಬೆಳವಣಿಗೆ ಹಾರ್ಮೋನು ಆಕ್ಸಿನ್‌ನ ನಕಲು. ತನ್ನದೇ ಆಕ್ಸಿನ್ ಹೆಚ್ಚಾದರೆ ಗಿಡ ಅದನ್ನು ಆಕ್ಸಿಡೀಕರಿಸುತ್ತದೆ, ಇಲ್ಲವೇ ಅಮೈನೋ ಆಮ್ಲಕ್ಕೋ ಸಕ್ಕರೆಗೋ ಕಟ್ಟಿ ಸುಮ್ಮನಾಗಿಸುತ್ತದೆ. ಈ ನಕಲಿನ ಮೇಲೆ ಆ ದಾರಿಗಳು ಅಷ್ಟಾಗಿ ನಡೆಯೋದಿಲ್ಲ. ಗೋವಿನಜೋಳದಂಥ ಹುಲ್ಲಿನ ಜಾತಿ ಬೆಳೆಗಳು ಅದರ ಅಣುವಿನ ಉಂಗುರಕ್ಕೇ ಹೈಡ್ರಾಕ್ಸಿಲ್ ಗುಂಪು ಸೇರಿಸಿ, ಮೇಲೆ ಗ್ಲೂಕೋಸ್ ಅಂಟಿಸಿ, ಮತ್ತೆ ಏಳದ ಹಾಗೆ ಮಾಡುತ್ತವೆ. ಹತ್ತಿ ಅಷ್ಟು ಗಟ್ಟಿಯಾಗಿ ಕಟ್ಟುವುದಿಲ್ಲ. ಕಟ್ಟಿದ್ದೂ ಬಿಚ್ಚಿಕೊಂಡು ಮತ್ತೆ ಕೆಲಸಕ್ಕಿಳಿಯುತ್ತದೆ. ಅದಕ್ಕೇ ಪಕ್ಕದವರ ಗೋವಿನಜೋಳ ಹಸಿರಾಗಿ ನಿಂತಿತು, ನಮ್ಮ ಹತ್ತಿ ಕೆಟ್ಟಿತು. ದ್ರಾಕ್ಷಿ, ಟೊಮೆಟೊ ಕೂಡ ಇದಕ್ಕೆ ಬಹಳ ಸೂಕ್ಷ್ಮ.

ಆ ಟಾನಿಕ್ ಡಬ್ಬಿ ಮೇಲೆ ಏನಿತ್ತು ಗೊತ್ತಾ? ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ). ಅದೂ ಆಕ್ಸಿನ್ನೇ! ಪುಣ್ಯಕ್ಕೆ ಇನ್ನೂ ಬಿಚ್ಚಿರಲಿಲ್ಲ.

ಬರೀ ನೀರಲ್ಲಿ ಜಾಲಾಡಿಸಿದರೆ 2,4-ಡಿ ಹೋಗೋದಿಲ್ಲ, ರಬ್ಬರ್ ಪೈಪು ಅದನ್ನು ಹೀರಿಟ್ಟುಕೊಂಡಿರುತ್ತದೆ. ಹೊಡೆದದ್ದು ಅದರ ಅಮೈನ್ ಸಾಲ್ಟ್ ರೂಪವಾದರೆ ಅಮೋನಿಯಾ ನೀರು ತುಂಬಿ ರಾತ್ರಿಯಿಡೀ ಬಿಟ್ಟು ಮತ್ತೆ ಮತ್ತೆ ತೊಳೆಯಬೇಕು. ಈಥೈಲ್ ಎಸ್ಟರ್ ರೂಪ ಇನ್ನೂ ಹಟಮಾರಿ: ಜಿಡ್ಡಿನಂಥದ್ದು, ಮೊದಲು ಸೋಪಿನ ಪುಡಿ ಬೇಕು. ಸಾಲದ್ದಕ್ಕೆ ಬಿಸಿಲಿಗೆ ಆವಿಯಾಗಿ ಪಕ್ಕದ ಹೊಲಕ್ಕೂ ಹೋಗುತ್ತದೆ. ನನ್ನ ಕೇಳಿದರೆ ಕಳೆ ಎಣ್ಣೆಗೆ ಪಂಪನ್ನೇ ಬೇರೆ ಇಡಿ. ಬಾಡಿಗೆಯವರು ಒಪ್ಪದಿದ್ದರೆ ಬೇರೆಯವರನ್ನು ನೋಡಿ.

ಈಗಾಗಲೇ ತಗುಲಿದ್ದರೆ ಗಾಬರಿಯಲ್ಲಿ ಕಿತ್ತುಹಾಕಬೇಡಿ. ಇದಕ್ಕೆ ಮದ್ದಿಲ್ಲ, ಆದರೆ ಪೆಟ್ಟು ಸಣ್ಣದಿದ್ದರೆ ಹೊಸ ಚಿಗುರು ಸರಿಯಾಗಿ ಬರಬಹುದು. ಟಾನಿಕ್ ಮಾತ್ರ ಹೊಡೆಯಬೇಡಿ, ಮತ್ತು ಫೋಟೊ ನೋಡಿ ಎಣ್ಣೆ ಬರೆದುಕೊಡುವವರ ಬದಲು ಹೊಲಕ್ಕೆ ಬಂದು ನೋಡುವವರನ್ನು ಕರೆಸಿ.